ಗದಿಗೆಪ್ಪನ ಗಾಡಿಯ ಮುಂದಿನ ಬ್ರೇಕು

ದಾನಮ್ಮಕ್ಕ ಮೋಟಾರ್ ಸೈಕಲ್ ಸಮೇತ ಪಾತ್ರೆ ಅಂಗಡಿಗೆ ನುಗ್ಗಿದ ದಿನ ನಮ್ಮೂರು ದಕ್ಷಿಣಕ್ಕೆ ಇಳಿದಿತ್ತು. ಸದ್ದು ಊರ ಉತ್ತರದ ತುದಿಯಲ್ಲಿರುವ ನನ್ನ ಗ್ಯಾರೇಜಿಗೂ ಕೇಳಿಸಿತು. ಮೊದಲು ಒಂದು ಢಣಾರ್, ಆಮೇಲೆ ಕೊಡಪಾನ, ಹಂಡೆ, ತಟ್ಟೆಗಳು ರಸ್ತೆಗುಂಟ ಕೆರೆಯ ಕಡೆ ಉರುಳಿಕೊಂಡು ಹೋಗುವ ಸದ್ದು, ಕಾಲು ಗಂಟೆಯ ತನಕ. ನಾನು ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟು ಹಣೆ ಚಚ್ಚಿಕೊಂಡೆ. ಇಷ್ಟು ದೊಡ್ಡ ಸದ್ದು ಮಾಡುವವರು ಊರಲ್ಲಿ ಒಬ್ಬರೇ, ಅವರ ಗಾಡಿ ರಿಪೇರಿಗೆ ಬರುವುದು ಒಂದೇ ಗ್ಯಾರೇಜಿಗೆ.

ನಮ್ಮೂರಲ್ಲಿ ಬೆಳಿಗ್ಗೆ ಆರಕ್ಕೆ ಪಂಚಾಯ್ತಿಯ ಜವಾನ ಕಟ್ಟೆಯ ಮುಂದೆ ನೆಲದ ಮೇಲೆ ಒಂದು ನಿಂಬೆಹಣ್ಣು ಇಡುತ್ತಾನೆ. ಅದು ಯಾವ ಕಡೆ ಉರುಳುತ್ತದೋ ಆ ದಿನ ಊರು ಆ ಕಡೆಗೆ ಇಳಿಜಾರು. ಅವನು ಮೈಕಿನಲ್ಲಿ ಕೂಗುತ್ತಾನೆ, ಜನ ತಮ್ಮ ತಮ್ಮ ಏರ್ಪಾಡು ಮಾಡಿಕೊಳ್ಳುತ್ತಾರೆ. ತರಕಾರಿ ಗಾಡಿಯವರು ಗಾಲಿಯ ಯಾವ ಮಗ್ಗುಲಿಗೆ ಕಲ್ಲು ಇಡಬೇಕೆಂದು ತಿಳಿದುಕೊಳ್ಳುತ್ತಾರೆ. ಮಂಡಿನೋವಿನ ಮುದುಕಿಯರು ತಂಗಿಯ ಮನೆಗೆ ಇಂದು ಹೋಗುವುದೋ ನಾಳೆಯೋ ಎಂದು ನಿರ್ಧರಿಸುತ್ತಾರೆ. ಬೆಳಿಗ್ಗೆ ಇಳಿಜಾರಿನಲ್ಲಿ ಹೋದವರು ಸಂಜೆ ಏರಬೇಕಲ್ಲ, ಆ ಲೆಕ್ಕವೂ ಅದರಲ್ಲಿರುತ್ತದೆ. ಮನೆಗಳಿಗೆಲ್ಲ ನಾಲ್ಕೂ ಕಡೆ ಗಟಾರ. ಉಳಿದವರಿಗೆ ಇದರಿಂದ ಏನು ತೊಂದರೆಯೋ ನಾನರಿಯೆ. ಒಬ್ಬ ಮೆಕ್ಯಾನಿಕ್‌ಗೆ ಮಾತ್ರ ಇದು ಹಿಂದಿನ ಜನ್ಮದ ಕರ್ಮ. ಕೈಜಾರಿದ ಒಂದೊಂದು ನಟ್ಟೂ ಗ್ಯಾರೇಜಿನ ಹೊಸ್ತಿಲು ದಾಟಿ, ಬೀದಿ ಹಿಡಿದು, ಊರಿನ ತಗ್ಗಿನ ತುದಿ ಸೇರುತ್ತದೆ. ನಾನು ಅರ್ಧ ಆಯುಷ್ಯ ಗಾಡಿ ರಿಪೇರಿಯಲ್ಲಿ ಕಳೆದಿದ್ದೇನೆ, ಉಳಿದರ್ಧ ನಟ್ಟುಗಳ ಹಿಂದೆ ಓಡಿ.

ದಾನಮ್ಮಕ್ಕ ನಮ್ಮೂರ ಸೂಲಗಿತ್ತಿ. ವಯಸ್ಸು ಅರವತ್ಮೂರು. ನರ್ಸಿನ ತರಬೇತಿ ಪಡೆದವರು. ಊರಲ್ಲಿ ನಲವತ್ತರ ಒಳಗಿನವರೆಲ್ಲ ಬಹುಪಾಲು ಅವರ ಕೈಯಲ್ಲೇ ಮೊದಲ ಉಸಿರೆಳೆದವರು. ದೊಡ್ಡ ಆಸ್ಪತ್ರೆ ಹದಿನಾಲ್ಕು ಮೈಲಿ ಆಚೆ. ಅವರ ಗಂಡ ಗದಿಗೆಪ್ಪ ಮೇಸ್ತ್ರಿ ನನ್ನ ಗುರು. ಹನ್ನೊಂದು ವರ್ಷ ಅವರ ಜೊತೆ ಕೆಲಸ ಮಾಡಿದೆ. ಹೆರಿಗೆಗೆ ನಡೆದು ಹೋಗಿ ಹೆಂಡತಿಯ ಕಾಲು ಬಾತುಕೊಳ್ಳುವುದನ್ನು ನೋಡಲಾರದೆ ಅವರು ಮೂರು ಹಳೆಯ ಗಾಡಿಗಳನ್ನು ಬಿಚ್ಚಿ ಒಂದು ಮೋಟಾರ್ ಸೈಕಲ್ ಕಟ್ಟಿದರು. ಒಂದರ ಎಂಜಿನ್, ಇನ್ನೊಂದರ ಚೌಕಟ್ಟು, ಮತ್ತೊಂದರ ಉದ್ದನೆಯ ಫೋರ್ಕು. ಟ್ಯಾಂಕು ತಾವೇ ತಗಡು ಬಡಿದು ಮಾಡಿದ್ದು. ಹ್ಯಾಂಡಲ್ ನೀರಿನ ಪೈಪಿನದು. ಹಿಂದುಗಡೆ ಹೆರಿಗೆಯ ಸಾಮಾನಿನ ಪೆಟ್ಟಿಗೆ. ನೋಡಲು ಚೆಂದದ ಗಾಡಿ, ಸುಳ್ಳು ಹೇಳಬಾರದು. ಆದರೆ ಅದರಲ್ಲಿ ಯಾವ ಭಾಗವೂ ಲೋಕದ ಇನ್ನಾವ ಭಾಗಕ್ಕೂ ಹೊಂದುವುದಿಲ್ಲ. ಮೇಸ್ತ್ರಿ ತೀರಿಕೊಂಡು ಆರು ವರ್ಷವಾಯಿತು. ಅಂದಿನಿಂದ ಆ ಗಾಡಿ ನನ್ನ ತಲೆಗೆ ಬಂತು.

ಪಾತ್ರೆ ಅಂಗಡಿಯ ಘಟನೆಯ ಮರುದಿನ ಪಂಚಾಯ್ತಿ ಸೆಕ್ರೆಟರಿ ಶೇಷಗಿರಿರಾಯರು ಒಂದು ನೋಟೀಸು ಹಿಡಿದುಕೊಂಡು ಗ್ಯಾರೇಜಿಗೆ ಬಂದರು. ಹತ್ತು ದಿನದೊಳಗೆ ಗಾಡಿಗೆ ಸರಿಯಾದ ಮುಂದಿನ ಬ್ರೇಕು ಇರಬೇಕು, ತಮ್ಮೆದುರು ಪರೀಕ್ಷೆಯಾಗಬೇಕು, ಇಲ್ಲದಿದ್ದರೆ ಕೀಲಿಕೈ ಪಂಚಾಯ್ತಿಯ ವಶ. ದಾನಮ್ಮಕ್ಕ ಮೊಣಕೈಗೆ ಪಟ್ಟಿ ಸುತ್ತಿಕೊಂಡು ನನ್ನ ಸ್ಟೂಲಿನ ಮೇಲೆ ಕೂತಿದ್ದರು. ನೋಟೀಸನ್ನು ಮಡಚಿ ಗಾಳಿ ಹಾಕಿಕೊಳ್ಳತೊಡಗಿದರು.

"ರಾಯರ, ನೀವು ಹುಟ್ಟಿದಾಗ ಕಾಲು ಮುಂದಾಗಿ ಬಂದಿದ್ರಿ. ತಿರುಗಿಸಾಕ ನನಗ ಎರಡು ತಾಸು ಹಿಡೀತು. ಅವತ್ತ ನಾ ನೋಟೀಸು ಕೊಟ್ಟಿದ್ನೇನು?" ಎಂದರು.

ರಾಯರು ಕೆಂಪಾಗಿ, "ಕಾನೂನು ಅಂದ್ರ ಕಾನೂನ್ರಿ ಅಕ್ಕಾರ," ಎಂದು ಹೊರಟುಹೋದರು.

ನನಗೂ ಸಿಟ್ಟು ಬಂದಿತ್ತು, ಆದರೆ ರಾಯರ ಮೇಲಲ್ಲ, ನನ್ನ ಮೇಲೆಯೇ. ಅದಕ್ಕೊಂದು ಕಾರಣವಿತ್ತು. ಎರಡು ವರ್ಷದ ಹಿಂದೆ ಆ ಗಾಡಿಯ ಎಂಜಿನ್ ಬಿಚ್ಚಿ ನಾನು ನೆಲದ ಮೇಲೆ ಹರಡಿಕೊಂಡಿದ್ದೆ. ನಾಳೆ, ನಾಡಿದ್ದು ಅನ್ನುತ್ತ ಐದು ದಿನ ತಳ್ಳಿದ್ದೆ. ಐದನೆಯ ದಿನ ಕೆರೆಯ ಪಾವಟಿಗೆ ಮೆಟ್ಟಿಲ ಹತ್ತಿರದ ಮನೆಯ ಹಸೀನಾಗೆ ದಿನ ತುಂಬುವ ಮೊದಲೇ ನೋವು ಬಂತು. ದಾನಮ್ಮಕ್ಕ ನಡೆದುಕೊಂಡೇ ಹೋದರು. ಅವರು ಮುಟ್ಟುವ ಹೊತ್ತಿಗೆ ಕೂಸು ಉಳಿದಿರಲಿಲ್ಲ. ಬೇಗ ಹೋಗಿದ್ದರೂ ಉಳಿಯುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಕ್ಕ ಆ ಮಾತನ್ನು ಒಂದು ದಿನವೂ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು. ಈಗ ಹಸೀನಾ ಮತ್ತೆ ತುಂಬು ಬಸುರಿ.

ಆದ್ದರಿಂದ ಮರುದಿನವೇ ಮುಂದಿನ ಗಾಲಿ ಬಿಚ್ಚಿದೆ. ತಂಬಿಗೆಯ ಬಾಯಿಯಷ್ಟು ಅಗಲದ ಪುಟ್ಟ ಡ್ರಮ್ಮು, ಅದರೊಳಗೆ ಎರಡು ಬ್ರೇಕ್ ಶೂ. ಸವೆದು ಹೋಗಿರುತ್ತವೆ ಅಂದುಕೊಂಡಿದ್ದೆ. ನೋಡಿದರೆ ಮದುವೆಯ ದಿನದ ಚಪ್ಪಲಿಯ ಹಾಗೆ ಹೊಸದಾಗಿವೆ! ಮೂವತ್ತೊಂದು ವರ್ಷದ ಗಾಡಿ.

"ಅಕ್ಕಾರ," ಎಂದೆ, "ಈ ಮುಂದಿನ ಬ್ರೇಕ್ ಎಂದರ ಹಿಡಿದೀರೇನು?"

"ಇಲ್ಲ."

"ಒಮ್ಮೆನೂ?"

"ಗಾಡಿ ಕಲಿಸೋ ದಿನಾನ ಅವರು ಹೇಳಿದ್ರು. ಮುಂದಿಂದು ಮುಟ್ಟಬ್ಯಾಡ, ಹಿಡಿದ್ರ ಪಲ್ಟಿ ಹೊಡೀತೀ ಅಂತ. ಕಾಲಿಂದು ಒಂದ ಸಾಕು ಅಂದ್ರು."

"ಮತ್ತ ಇದನ್ನ ಯಾಕ ಹಾಕಿದ್ರು?"

"ಗಾಡಿ ಅಂದಮ್ಯಾಲೆ ಇರಬೇಕಲ್ಲೋ. ಮೂಗಿಗೆ ನತ್ತು ಇದ್ದಂಗ."

ಆಗ ನನಗೆ ನೆನಪಾಯಿತು. ಮೇಸ್ತ್ರಿಯ ತಮ್ಮ ಇಳಿಜಾರಿನಲ್ಲಿ ಮುಂದಿನ ಬ್ರೇಕು ಗಬಕ್ಕನೆ ಹಿಡಿದು, ಹ್ಯಾಂಡಲ್ ಮೇಲಿಂದ ಹಾರಿಬಿದ್ದು ಸತ್ತಿದ್ದ. ಆ ಒಂದು ಅನಾಹುತದ ಸಲುವಾಗಿ ಮೇಸ್ತ್ರಿ ಬ್ರೇಕನ್ನೇ ದೂರ ಇಟ್ಟಿದ್ದರು. ಇಳಿಜಾರಿನಲ್ಲಿ ಗಾಡಿಯ ಭಾರವೆಲ್ಲ ಮುಂದಿನ ಗಾಲಿಯ ಮೇಲೆ ಬೀಳುತ್ತದೆ, ನಿಲ್ಲಿಸುವುದು ಅದೇ. ಹಿಂದಿನ ಗಾಲಿ ಸುಮ್ಮನೆ ಜಾರುತ್ತದೆ. ಇದನ್ನು ನನಗೆ ಕಲಿಸಿದವರು ಅವರೇ! ಅಕ್ಕನಿಗೆ ಅರ್ಧ ತಾಸು ವಿವರಿಸಿದೆ. ಅವರು ತಲೆಯಾಡಿಸಿದರು. ಒಪ್ಪಿದರೆಂದು ನಾನು ತಿಳಿದೆ. ಹೆಣ್ಣುಮಕ್ಕಳು ನೋವು ತಿನ್ನುವಾಗ ಹೇಳುವ ಮಾತಿಗೆಲ್ಲ ತಲೆಯಾಡಿಸಿಯೇ ಅಕ್ಕನಿಗೆ ರೂಢಿ ಎಂಬುದು ಆಗ ಹೊಳೆಯಲಿಲ್ಲ.

ಡ್ರಮ್ಮು ಬೇಡ, ಡಿಸ್ಕ್ ಬ್ರೇಕೇ ಹಾಕುವುದೆಂದು ನಿರ್ಧರಿಸಿದೆ. ಗುಜರಿಯಲ್ಲಿ ಈಚಿನ ಒಂದು ಗಾಡಿ ಬಿದ್ದಿತ್ತು. ಅದರಿಂದ ಗಾಲಿಯ ನಡುವಿನ ಹಬ್ಬು, ಡಿಸ್ಕಿನ ತಟ್ಟೆ, ಅದನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಕ್ಯಾಲಿಪರ್, ಹ್ಯಾಂಡಲ್ ಮೇಲಿನ ಎಣ್ಣೆ ಡಬ್ಬಿ, ರಬ್ಬರ್ ಪೈಪು, ಎಲ್ಲ ಬಿಚ್ಚಿ ತಂದೆ. ಎರಡು ದಿನದ ಕೆಲಸ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

ಹಬ್ಬಿನ ತೂತಿಗೆ ಹಳೆಯ ಕಡ್ಡಿಗಳು ಕೂಡಲಿಲ್ಲ. ಹೊಸ ಕಡ್ಡಿ ಕತ್ತರಿಸಿ ಗಾಲಿ ಹೆಣೆದೆ. ಗಾಲಿ ಕೂತಿತು, ಆದರೆ ಅಚ್ಚು ತೆಳ್ಳಗಾಗಿ ಅಲುಗಾಡಿತು. ಲೇತಿಗೆ ಹೋಗಿ ಸಂದು ತುಂಬುವ ಬುಷ್ ಮಾಡಿಸಿದೆ. ಮೇಸ್ತ್ರಿಯ ಫೋರ್ಕಿನಲ್ಲಿ ಕ್ಯಾಲಿಪರ್ ಕೂಡಿಸಲು ಜಾಗವೇ ಇಲ್ಲ. ರಟ್ಟು ಕತ್ತರಿಸಿ ಅಳತೆ ನೋಡಿ, ದಪ್ಪ ಉಕ್ಕಿನ ತಗಡು ಕೊಯ್ದು ಬ್ರಾಕೆಟ್ ಮಾಡಿದೆ. ಡಿಸ್ಕು ಅದಕ್ಕೆ ಉಜ್ಜಿತು. ಎರಡು ಎಂಎಂ ತಪ್ಪಿತ್ತು. ಮತ್ತೊಂದು ಮಾಡಿದೆ. ಎಣ್ಣೆ ಡಬ್ಬಿಯ ಕ್ಲಾಂಪು ನೀರಿನ ಪೈಪಿನ ಹ್ಯಾಂಡಲಿಗೆ ಹಿಡಿಸಲಿಲ್ಲ. ಅದನ್ನು ಕೆರೆದೆ. ಪೈಪು ಜೋಡಿಸಿ ಹ್ಯಾಂಡಲ್ ಬಲಕ್ಕೆ ತಿರುಗಿಸಿದರೆ ಪೈಪು ತಂತಿಯಂತೆ ಬಿಗಿದು ನಿಂತಿತು, ಒಂದು ಗೇಣು ಸಾಲದು. ಉದ್ದದ್ದೊಂದನ್ನು ಹುಡುಕಿ ತಂದೆ. ಈ ನಡುವೆ ಊರು ದಿನಕ್ಕೊಂದು ಕಡೆ ವಾಲುತ್ತಿತ್ತು. ಇವತ್ತು ಪೂರ್ವಕ್ಕೆ ಓಡಿ ಬೋಲ್ಟು ತಂದರೆ ನಾಳೆ ಪಶ್ಚಿಮಕ್ಕೆ ಓಡಿ ವಾಷರು ತರಬೇಕು.

ಅಕ್ಕ ದಿನಾ ಬಂದು ಸ್ಟೂಲಿನ ಮೇಲೆ ಕೂಡುತ್ತಿದ್ದರು. ಸುಮ್ಮನೆ ಕೂತಿದ್ದರೆ ನನ್ನ ಅಭ್ಯಂತರವಿರುತ್ತಿರಲಿಲ್ಲ.

"ಅವರು ಇಷ್ಟು ದಿನಾ ಹಚ್ಚತಿರಲಿಲ್ಲ ನೋಡು."

"ಹೌದ್ರಿ ಅಕ್ಕಾರ."

"ಅದೇನದು, ಊಟದ ತಾಟು ಇದ್ದಂಗ ಐತಿ. ಗಾಡಿ ಚೆಂದಾನ ಹೋತು."

"ಅದ ಡಿಸ್ಕ್ ರೀ."

"ತೂತು ಬ್ಯಾರೆ ಬಿದ್ದಾವ. ಹಳೇದು ತಂದೀಯೇನು?"

"ತೂತು ಇರಬೇಕ್ರಿ ಅದಕ್ಕ!" ಎಂದು ಕೂಗಿದೆ. ಅಪ್ಪ ಅಮ್ಮ ನನಗೆ ಮೌನೇಶ ಎಂದು ಹೆಸರಿಟ್ಟಿದ್ದಾರೆ. ಆ ಹೆಸರಿನ ಮಾನ ಆ ವಾರ ಪೂರ್ತಿ ಹೋಯಿತು.

ಎಂಟನೆಯ ದಿನ ಎಲ್ಲ ಕೂತಿತು. ಉಳಿದದ್ದು ಎಣ್ಣೆ ತುಂಬಿ ಪೈಪಿನೊಳಗಿನ ಗಾಳಿ ತೆಗೆಯುವುದು. ಗಾಳಿ ಉಳಿದರೆ ಹ್ಯಾಂಡಲ್ ಮೇಲಿನ ಬ್ರೇಕಿನ ಹಿಡಿಕೆ ಒತ್ತಿದಾಗ ಗಾಳಿ ಮುದುಡಿಕೊಳ್ಳುತ್ತದೆಯೇ ಹೊರತು ಬ್ರೇಕು ಕಚ್ಚುವುದಿಲ್ಲ. ಕೆಲಸ ಸರಳ. ಒಬ್ಬರು ಹಿಡಿಕೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕ್ಯಾಲಿಪರಿನ ಪುಟ್ಟ ನಿಪ್ಪಲ್ ಸಡಿಲಿಸಬೇಕು, ಗುಳ್ಳೆ ಹೊರಬಂದ ಮೇಲೆ ಬಿಗಿಯಬೇಕು. ಅಕ್ಕ ಒತ್ತಿದರು, ನಾನು ಸಡಿಲಿಸಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒತ್ತಿದರು, ಸಡಿಲಿಸಿದೆ. ಒಂದು ಬಾಟಲಿ ಎಣ್ಣೆ ಮುಗಿಯಿತು. ಹಿಡಿಕೆ ಮಾತ್ರ ನೆನೆದ ಬ್ರೆಡ್ಡಿನ ಹಾಗೆ ಮೆತ್ತಗೆ ಹ್ಯಾಂಡಲಿನ ತನಕ ಹೋಗಿ ಕೂಡುತ್ತಿತ್ತು. ಒಂಬತ್ತನೆಯ ದಿನವೂ ಅದೇ. ಜೋಡಣೆಯನ್ನೆಲ್ಲ ಬಿಚ್ಚಿ ಮತ್ತೆ ಬಿಗಿದೆ. ಎರಡನೆಯ ಬಾಟಲಿಯೂ ತಳ ಕಂಡಿತು. ಊರು ಉತ್ತರಕ್ಕೆ ವಾಲಿತ್ತು, ಖಾಲಿ ಬಾಟಲಿ ಉರುಳುತ್ತ ಹೊರಟಿತು. ಹಿಂದೆ ಓಡಲೂ ನನಗೆ ಮನಸ್ಸಾಗಲಿಲ್ಲ. ಹೋಗು ಎಂದೆ.

ನೆಲದ ಮೇಲೆ ಕೂತುಬಿಟ್ಟೆ. "ನನ್ನ ಕಡಿಂದ ಆಗಂಗಿಲ್ರಿ ಅಕ್ಕಾರ. ನಾಳೆ ಕೀಲಿ ರಾಯರಿಗೆ ಕೊಟ್ಟುಬಿಡ್ರಿ."

ಅಕ್ಕ ಸ್ಟೂಲಿನಿಂದ ಇಳಿದು, ಕನ್ನಡಕ ಸರಿಮಾಡಿಕೊಂಡು, ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಗಾಳಿ ಹೊರಗ ಬರೋದು ಎಲ್ಲಿಂದ?"

ತೋರಿಸಿದೆ.

"ಇದು ಕೆಳಗ ಐತಲ್ಲೋ."

"ಹೂಂರಿ."

"ಹಾಲು ಕುಡಿದ ಕೂಸಿನ್ನ ತಲೆಕೆಳಗ ಹಿಡದು ತೇಗು ಬಾ ಅಂದ್ರ ಬರತೈತೇನೋ, ಖೋಡಿ?"

ನಾನು ಕ್ಯಾಲಿಪರ್ ನೋಡಿದೆ. ಅಕ್ಕನನ್ನು ನೋಡಿದೆ. ಗುಜರಿ ಗಾಡಿಯಲ್ಲಿ ಅದು ಎಡಗಡೆಯ ಫೋರ್ಕಿನದು. ನಮ್ಮ ಗಾಡಿಯ ಎಡಕ್ಕೆ ಮೀಟರಿನ ಕೇಬಲ್ ಅಡ್ಡ ಬರುತ್ತಿದ್ದರಿಂದ ನಾನು ಬಲಕ್ಕೆ ಕೂಡಿಸಿದ್ದೆ, ಅದು ತಲೆಕೆಳಗಾಗಿತ್ತು. ಮೇಲಿರಬೇಕಾದ ನಿಪ್ಪಲ್ ಕೆಳಗೆ ಬಂದು, ಗಾಳಿಯೆಲ್ಲ ಮೇಲ್ಗಡೆ ಹಾಯಾಗಿ ಕೂತಿತ್ತು. ಇಪ್ಪತ್ತೆರಡು ವರ್ಷದ ಅನುಭವದ ಮೆಕ್ಯಾನಿಕ್ ನಾನು. ಎರಡು ದಿನ ಎಣ್ಣೆ ಸುರಿದಿದ್ದೆ. ಸಿಟ್ಟಿನಲ್ಲಿ ಸ್ಪಾನರ್ ಎಸೆದೆ. ಅದೂ ಬಾಟಲಿಯ ದಾರಿ ಹಿಡಿಯಿತು.

ಕ್ಯಾಲಿಪರ್ ಬಿಚ್ಚಿ, ಡಿಸ್ಕಿನ ಬದಲು ಒಂದು ಮರದ ಚಕ್ಕೆ ಕಚ್ಚಿಸಿ, ನಿಪ್ಪಲ್ ಮೇಲಾಗುವಂತೆ ಎತ್ತಿ ಹಿಡಿದೆ. ಅಕ್ಕ ಒತ್ತಿದರು. ಗುಳುಗುಳು ಎಂದು ಗುಳ್ಳೆ ಬಂದವು. ಆರನೆಯ ಸಲಕ್ಕೆ ಹಿಡಿಕೆ ಕಲ್ಲಿನಂತೆ ಗಟ್ಟಿಯಾಯಿತು.

"ತೇಗಿತು," ಎಂದರು ಅಕ್ಕ.

ಹತ್ತನೆಯ ದಿನ ಬೆಳಿಗ್ಗೆ ನಿಂಬೆಹಣ್ಣು ಓಡಿಯೇ ಹೋಯಿತಂತೆ. ದಕ್ಷಿಣಕ್ಕೆ, ಆ ವರ್ಷದ ಅತಿ ಕಡಿದಾದ ಇಳಿಜಾರು. ಹತ್ತು ಗಂಟೆಗೆ ರಾಯರು ಗ್ಯಾರೇಜಿಗೆ ಬಂದರು, ಕೈಯಲ್ಲಿ ರುಜು ಹಾಕುವ ಕಾಗದ. ಗಾಡಿ ನಿಲ್ಲಬೇಕಾದ ಕಡೆ ಬೀದಿಯಲ್ಲಿ ಸೀಮೆಸುಣ್ಣದ ಗೆರೆ ಎಳೆಯಲು ಅವರು ಬಗ್ಗುತ್ತಿದ್ದಾಗ ಹಸೀನಾಳ ಗಂಡ ಮೆಹಬೂಬ ಏದುಸಿರು ಬಿಡುತ್ತ ಏರು ಹತ್ತಿ ಬಂದ. ಅಕ್ಕ ಅವನ ಮುಖ ನೋಡಿ ಪೆಟ್ಟಿಗೆಯನ್ನು ಗಾಡಿಗೆ ಕಟ್ಟತೊಡಗಿದರು.

"ಪರೀಕ್ಷಾ ಆಗೂತನಕ ಗಾಡಿ ರಸ್ತೆಗೆ ಇಳಿಸೂ ಹಂಗಿಲ್ಲ," ಎಂದರು ರಾಯರು. ಆದರೆ ದನಿ ಗಟ್ಟಿಯಿರಲಿಲ್ಲ.

"ಹಂಗಾರ ಹಿಂದ ಕೂಡ್ರಿ. ಹೋಗ್ತಾ ಹೋಗ್ತಾ ಪರೀಕ್ಷಾ ಮಾಡ್ರಿ."

ರಾಯರು ಇಳಿಜಾರು ನೋಡಿದರು. ಕೆರೆ ಕೆಳಗೆ ಬಾವಿಯ ತಳದಲ್ಲಿದ್ದಂತೆ ಹೊಳೆಯುತ್ತಿತ್ತು. "ಮೌನೇಶ ಕೂಡ್ರಲಿ," ಎಂದರು. "ಅವ ಬಂದು ಹೇಳಿದ ಮಾತಿನ ಮ್ಯಾಲೆ ರುಜು ಹಾಕ್ತೀನಿ."

ಪೆಟ್ಟಿಗೆಗೂ ಅಕ್ಕನಿಗೂ ನಡುವೆ ಅಂಟಿಕೊಂಡು ಕೂತೆ. ಗಾಡಿ ಹೊರಟಿತು. ಮೊದಲ ಬೀದಿಯಲ್ಲೇ ನಾನು ಅಕ್ಕನ ಭುಜದ ಮೇಲಿಂದ ಬಗ್ಗಿ ಅವರ ಬಲಗೈ ನೋಡಿದೆ. ಐದೂ ಬೆರಳು ಹ್ಯಾಂಡಲನ್ನು ಭದ್ರವಾಗಿ ಸುತ್ತಿದ್ದವು. ಹತ್ತು ದಿನ ನಾನು ಜೀವ ತೇದು ಕೂಡಿಸಿದ ಬ್ರೇಕಿನ ಮೇಲೆ ಒಂದು ಬೆರಳೂ ಇರಲಿಲ್ಲ.

"ಅಕ್ಕಾರ, ಮುಂದಿಂದು!"

"ಸುಮ್ನ ಕೂಡ್ರೋ!"

ಪಾತ್ರೆ ಅಂಗಡಿಯವನು ನಮ್ಮನ್ನು ದೂರದಿಂದಲೇ ನೋಡಿ ಬಾಗಿಲು ಎಳೆದುಕೊಂಡ. ತಿರುವಿನಲ್ಲಿ ಅಕ್ಕ ಕಾಲಿನ ಬ್ರೇಕು ತುಳಿದರು. ಹಿಂದಿನ ಗಾಲಿ ತಿರುಗದೆ ಬಿಗಿದು ಹಾವಿನಂತೆ ಅತ್ತಿತ್ತ ಹೊರಳಿತು. ವೇಗ ಕಡಿಮೆಯಾಗಲಿಲ್ಲ. ತಿರುವು ದಾಟಿದರೆ ಕೆರೆಯ ಪಾವಟಿಗೆಯ ತನಕ ನೇರ ಬೀದಿ, ಅಡ್ಡ ಏನೂ ಇಲ್ಲ. ಪಾವಟಿಗೆಯ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಬ್ಬಳು ಎದ್ದು ನಿಂತಳು. ಆಮೇಲೆ ಎಲ್ಲರೂ ಎದ್ದರು, ಆದರೆ ಬಟ್ಟೆ, ಬಕೆಟ್ಟು, ಮಕ್ಕಳು, ಇಷ್ಟೆಲ್ಲ ಬಿಟ್ಟು ಎಲ್ಲಿಗೆ ಓಡುವುದು?

"ಮುಂದಿಂದು ಹಿಡೀರಿ!"

"ಪಲ್ಟಿ ಆಗ್ತೀವೋ! ಅವರು ಹೇಳ್ಯಾರ!"

"ಅವರು ತಪ್ಪು ಹೇಳ್ಯಾರ!" ಗುರುವಿನ ಬಗ್ಗೆ ಹಾಗೆ ಹಿಂದೆಂದೂ ಹೇಳಿರಲಿಲ್ಲ. ಅಕ್ಕನ ಬೆನ್ನು ಸೆಟೆಯಿತು. ಆಗ ಅದೆಲ್ಲಿಂದ ಬಂತೋ, ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ: "ಅಕ್ಕಾರ, ಹೊರಗ ಬರೂ ಕೂಸಿನ ತಲಿ ಹ್ಯಾಂಗ ಹಿಡೀತೀರಿ? ಹಂಗ ಹಿಡೀರಿ. ಗಬಕ್ಕನ ಬ್ಯಾಡ. ಹಗೂರಕ ಹಿಡೀರಿ, ಹಿಡದದ್ದು ಬಿಡಬ್ಯಾಡ್ರಿ."

ಎರಡು ಬೆರಳು ಹ್ಯಾಂಡಲಿನಿಂದ ಬಿಚ್ಚಿಕೊಂಡವು. ಒಂದು ಕ್ಷಣ ಗಾಳಿಯಲ್ಲಿ ನಿಂತವು. ಆಮೇಲೆ ಹಿಡಿಕೆಯ ಮೇಲೆ ಬಂದು ಕೂತು, ಮೆಲ್ಲಗೆ ಒತ್ತಿದವು, ಇನ್ನಷ್ಟು ಒತ್ತಿದವು. ಗಾಡಿಯ ಮೂತಿ ತಗ್ಗಿತು. ನನ್ನ ಎದೆ ಅಕ್ಕನ ಬೆನ್ನಿಗೆ ಒತ್ತಿಕೊಂಡಿತು. ಉದ್ದನೆಯ ಫೋರ್ಕು ನರಳಿತು. ಡಿಸ್ಕು ಸುಯ್ ಎಂದಿತು. ಮೊದಲ ಪಾವಟಿಗೆಗೆ ಎರಡು ಮಾರು ಇರುವಾಗ ಗಾಡಿ ನಿಂತಿತು. ಬಿದ್ದದ್ದು ಒಗೆಯುವವಳ ಕೈಯಲ್ಲಿದ್ದ ಸಾಬೂನು ಮಾತ್ರ, ಅದು ಜಾರುತ್ತ ನೀರು ಸೇರಿತು.

ಅಕ್ಕ ಹಿಡಿಕೆ ಬಿಡಲಿಲ್ಲ. ನಾನೇ ಇಳಿದು ಗಾಲಿಗೆ ಕಲ್ಲಿಟ್ಟು, ಅವರ ಬೆರಳು ಒಂದೊಂದಾಗಿ ಬಿಡಿಸಿದೆ. ಅವರು ಇಳಿದು, ಪೆಟ್ಟಿಗೆ ಎತ್ತಿಕೊಂಡು, ನನ್ನ ಮುಖ ಕೂಡ ನೋಡದೆ ಹಸೀನಾಳ ಮನೆಯೊಳಗೆ ಹೋದರು. ಎರಡು ನಿಮಿಷಕ್ಕೆ ಒಳಗಿನಿಂದ, ಬಿಸಿನೀರು ಎಲ್ಲೈತಿ, ಕಿಟಕಿ ಯಾಕ ಮುಚ್ಚೀರಿ ಎಂದು ಎಲ್ಲರನ್ನೂ ಬೈಯುವ ದನಿ ಕೇಳಿಸಿತು.

ನಾನು ಹೊರಗೆ ಕಲ್ಲಿನ ಮೇಲೆ ಕೂತೆ. ಮೆಹಬೂಬ ಬಂದು ಪಕ್ಕದಲ್ಲಿ ಕೂತ. ಅವನಿಗೆ ಹೇಳಲು ನನ್ನ ಹತ್ತಿರ ಎರಡು ವರ್ಷದ ಹಳೆಯ ಮಾತೊಂದಿತ್ತು. ಬಾಯಿಗೆ ಬಂದದ್ದು, "ಚಹಾ ಕುಡೀತೀಯೇನಪಾ?" ಎಂಬುದಷ್ಟೆ. ಅವನು ಬೇಡ ಎಂದ. ಹೊತ್ತು ಏರುತ್ತ ಹೋಯಿತು. ಹನ್ನೊಂದಕ್ಕೆ ಒಳಗೆ ಕೂಸು ಅತ್ತಿತು. ಮೆಹಬೂಬ ಎದ್ದವನು ಯಾವ ಕಡೆ ಹೋಗಬೇಕೆಂದು ತಿಳಿಯದೆ ನನ್ನನ್ನೇ ಅಪ್ಪಿಕೊಂಡ. ನನ್ನ ಅಂಗಿಗೆ ಎಣ್ಣೆ ಹತ್ತಿದ್ದನ್ನೂ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದರು. "ಹೆಣ್ಣು ಕೂಸು. ಕೊರಳಿಗೆ ಹೊಕ್ಕಳಬಳ್ಳಿ ಸುತ್ತಿತ್ತು," ಎಂದರು. "ಇನ್ನೊಂದು ಅರ್ಧ ತಾಸು ತಡಾ ಆಗಿದ್ರ..." ಎಂದು ಅಲ್ಲಿಗೇ ನಿಲ್ಲಿಸಿದರು. ಕಲ್ಲಿನ ಮೇಲೆ ಕೂತು ಗಾಡಿಯನ್ನು ಬಹಳ ಹೊತ್ತು ನೋಡಿದರು.

"ಮೌನೇಶಾ, ಇದು ಹಿಡಿದ್ರ ಬೀಳೂದಿಲ್ಲ."

"ಇಲ್ರಿ."

"ಮತ್ತ ಅವರು ಯಾಕ ಹಂಗ ಹೇಳಿದ್ರು?"

"ನೀವು ಬೀಳ್ತೀರಿ ಅಂತ ಹೆದರಿದ್ರು, ಅಕ್ಕಾರ."

"ಮೂವತ್ತೊಂದು ವರ್ಷ ಬೀಳ್ಕೋತನ ಬಂದೀನಲ್ಲೋ!" ಮೊಣಕೈಯ ಪಟ್ಟಿ ತೋರಿಸಿದರು. ಮಣಿಕಟ್ಟಿನ ಹಳೆಯ ಕಲೆ ತೋರಿಸಿದರು. "ಇದು ಗೌಳ್ಯಾರ ಹಿತ್ತಲದಾಗ. ಇದು ಗಿರಣಿ ಗ್ವಾಡಿಗೆ. ಪ್ರತಿ ಸಲ ಮನಿಗೆ ಬಂದು ನಂದ ತಪ್ಪು ಅಂತಿದ್ನಿ. ಅವರು ಅರಿಸಿಣ ಹಚ್ಚತಿದ್ರು. ಆ ಮನಶ್ಯಾ ಬದುಕಿದ್ರ ಇವತ್ತ ಅಂಥಾ ಜಗಳಾ ತೆಗೀತಿದ್ನಿ ನೋಡು..." ಮೇಸ್ತ್ರಿ ಸತ್ತ ದಿನವೂ ಊರವರ ಮುಂದೆ ಕಣ್ಣೀರು ಹಾಕದವರು ಸೆರಗಿನಿಂದ ಮುಖ ಮುಚ್ಚಿಕೊಂಡರು.

"ನನ್ನ ಜೋಡಿ ತೆಗೀರಿ ಅಕ್ಕಾರ," ಎಂದೆ. "ಅವರ ಕಡಿಂದ ಕಲತಾವ ನಾನ ಅಲ್ರಿ? ನನ್ನ ಬೈರಿ."

ಅವರು ಸೆರಗು ಸರಿಸಿ ನನ್ನನ್ನು ನೋಡಿದರು. ಮೂಗು ಒರೆಸಿಕೊಂಡರು. ಎದ್ದು ಹೋಗಿ ಗಾಡಿಯ ಮೇಲೆ ಕೂತು, "ಹತ್ತು," ಎಂದರು.

ಮನೆಯ ಕಡೆ ಏರು. ಗಾಡಿ ಮೊದಲ ಗೇರಿನಲ್ಲಿ ಉಸಿರು ಕಟ್ಟಿ ಹತ್ತುತ್ತಿತ್ತು. ಅಕ್ಕ ಶುರು ಮಾಡಿದರು. ಹಿಡಿಕೆ ಗಟ್ಟಿ ಆಗೇತಿ, ಹೆಂಗಸರ ಬೆರಳು ಅಂತ ಅರಿವು ಬ್ಯಾಡೇನು? ಪೈಪು ನಡುಹಾದಿಯೊಳಗ ಜೋಲತೈತಿ. ಊಟದ ತಾಟು ಅಲ್ಲದ ಬ್ಯಾರೆ ಏನೂ ಸಿಗಲಿಲ್ಲೇನು? ಎರಡು ದಿನಾ ಅಂದು ಹತ್ತು ದಿನಾ ಹಚ್ಚಿದಿ. ಹೋದ ಸಲ ಎಂಜಿನ್ ಬಿಚ್ಚಿ ಐದು ದಿನಾ ಕುಂದರಿಸಿದಿ, ಆ ಕೂಸು... ಆಮೇಲೆ ಅದನ್ನೂ ಬೈದರು, ಎರಡು ವರ್ಷದ್ದನ್ನೂ ಪೂರ್ತಿಯಾಗಿ, ಒಂದು ಮಾತೂ ಉಳಿಸದೆ. ಬೀದಿಯ ಜನ ಬಾಗಿಲಿಗೆ ಬಂದು ನೋಡಿದರು. ಏರು ಮುಗಿಯುವ ತನಕ ನಾನು ಅವರ ಬೆನ್ನ ಹಿಂದೆ ಕೂತು, ಒಂದೊಂದಕ್ಕೂ "ಹೂಂರಿ ಅಕ್ಕಾರ" ಎನ್ನುತ್ತಲೇ ಇದ್ದೆ.